ಸೊಂಟದ ಎಲುಬು ಕೈಗೆ ಬಂದಾಗ: ಗೋಡೆಯಿಂದ ವಾರ್ಡ್‌ವರೆಗೆ ಹಂತ ಹಂತವಾಗಿ

ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಸಂಜೆ ಕಾರವಾರದ ನಮ್ಮ ಮನೆಗೆ ಒಂದಾದರೂ ಫೋನ್ ಬರುತ್ತದೆ. "ಮೇಡಂ, ಎಲ್ಲಾ ಓದಿದ್ದೆ. ಹಿಪ್ ಬೋನ್ ಕೊಟ್ರು. ಹಿಡಿದ ತಕ್ಷಣ ಎಲ್ಲಾ ಮರೆತೋಯ್ತು." ನರ್ಸಿಂಗ್ ಹುಡುಗಿ ಇರಲಿ, ಫಿಸಿಯೋಥೆರಪಿ ಹುಡುಗ ಇರಲಿ, ಮಾತು ಇದೇ. ನನ್ನ ಪ್ರಕಾರ ಮರೆತಿದ್ದಲ್ಲ. ಕಲಿತ ಕ್ರಮ ತಪ್ಪು. ಚಿತ್ರ ನೋಡಿ ಮೂವತ್ತು ಹೆಸರು ಬಾಯಿಪಾಠ ಮಾಡುತ್ತಾರೆ. ಆದರೆ ಎಲುಬಿನ ಮುಂದೆ ಯಾವುದು, ಹಿಂದೆ ಯಾವುದು ಅನ್ನುವುದು ಕೈಗೆ ಗೊತ್ತಿರುವುದಿಲ್ಲ. ಮೊದಲು ಎಲುಬನ್ನು ಸರಿಯಾಗಿ ನಿಲ್ಲಿಸಬೇಕು, ಹೆಸರು ಆಮೇಲೆ. ಈ ಕ್ರಮ ಕೈಗೆ ಹತ್ತಿದರೆ ಮುಂದೆ ವಾರ್ಡ್‌ನಲ್ಲಿ ಸೂಜಿ ಚುಚ್ಚುವಾಗಲೂ ಅದೇ ಕೈ ಹಿಡಿಯುತ್ತದೆ.

ಇನ್ನೊಂದು ಮಾತಿನ ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ನಮ್ಮ ಕಡೆ "ಸೊಂಟ ನೋವು" ಅಂದರೆ ಬೆನ್ನಿನ ಕೆಳಭಾಗದ ನೋವು. ಹಳಿಯಾಳ, ಮುಂಡಗೋಡದ ಕಡೆಯವರು ಅದನ್ನೇ ಟೊಂಕ ನೋವು ಅನ್ನುತ್ತಾರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಜ್ಜಿ ಜಾರಿ ಬಿದ್ದು "ಸೊಂಟ ಮುರೀತು" ಅಂದರೆ, ಹೆಚ್ಚಿನ ಸಲ ಮುರಿದಿರುವುದು ತೊಡೆ ಎಲುಬಿನ ಮೇಲ್ತುದಿ, ಅದರ ಕುತ್ತಿಗೆಯ ಆಸುಪಾಸು. ನಾವು ಈಗ ನೋಡುವ ಎಲುಬು ಇವೆರಡೂ ಅಲ್ಲ. ಎಡಕ್ಕೊಂದು ಬಲಕ್ಕೊಂದು ಇರುವ, ಹಿಂದೆ ಸೇಕ್ರಂ (ಬೆನ್ನುಮೂಳೆಯ ಕೆಳಭಾಗದ ತ್ರಿಕೋನ ಎಲುಬು) ಜೊತೆ, ಮುಂದೆ ಒಂದಕ್ಕೊಂದು ಸೇರಿ ಪೆಲ್ವಿಸ್ ಎಂಬ ಬಳೆ ಮಾಡುವ ಎಲುಬು ಇದು. ತೊಡೆ ಎಲುಬಿನ ಗುಂಡು ತಲೆ ಬಂದು ಕೂರುವ ಬಟ್ಟಲು ಇದರಲ್ಲೇ ಇದೆ.

## ಬೇಕಾಗುವ ಸಾಮಾನು

ಒಂದು ಎಲುಬು, ಇಲ್ಲವೇ ಒಳ್ಳೆಯ ಪ್ಲಾಸ್ಟಿಕ್ ಮಾದರಿ. ಒಂದು ಖಾಲಿ ಗೋಡೆ. ಮೂರು ಬಣ್ಣದ ಚಾಕ್‌ಪೀಸ್. ಮೊಬೈಲ್ ಟಾರ್ಚ್. ದರ್ಜಿ ಬಳಸುವ ಟೇಪು. ಒಂದು ಬಟ್ಟೆ ಚೀಲ. ಕೊನೆಯ ಹಂತಗಳಿಗೆ ಒಪ್ಪಿಗೆ ಕೊಟ್ಟ ಒಬ್ಬ ತೆಳ್ಳಗಿನ ಗೆಳೆಯ ಅಥವಾ ಗೆಳತಿ, ಮತ್ತು ಒಂದು ಹಳೆ ಬೆಡ್‌ಶೀಟ್.

ಡಿಪಾರ್ಟ್‌ಮೆಂಟಿನ ಎಲುಬಿನ ಮೇಲೆ ಮಾರ್ಕರ್ ಪೆನ್ನಲ್ಲಿ ಬರೆಯಬೇಡಿ, ಆ ಬಣ್ಣ ಹೋಗಲ್ಲ. ಎಲುಬು ಎತ್ತುವಾಗ ದಪ್ಪ ಭಾಗ ಹಿಡಿಯಿರಿ. ರೆಕ್ಕೆಯಂತಿರುವ ಮೇಲ್ಭಾಗದ ನಡು ಎಷ್ಟು ತೆಳುವೆಂದರೆ ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಈಚೆ ಕಾಣುತ್ತದೆ. ಹಳೆಯ ಎಲುಬು ಅಲ್ಲಿಯೇ ತೂತು ಬಿದ್ದಿರುತ್ತದೆ. ಆ ತೂತನ್ನೇ ಒಬ್ಬ ಹುಡುಗ ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, "ಫೊರಾಮೆನ್" (ಎಲುಬಿನಲ್ಲಿ ಸಹಜವಾಗಿಯೇ ಇರುವ ಕಿಂಡಿ) ಅಂದಿದ್ದ.

## ಹಂತ 1: ಮೊದಲು ಗೋಡೆಗೆ ತಾಗಿಸಿ

ನನ್ನ ಮೊದಲ ವೈವಾದಲ್ಲಿ ನಾನು ಎಲುಬನ್ನು ಬೀಸಣಿಗೆ ಹಿಡಿದ ಹಾಗೆ ಹಿಡಿದು ಗಡಗಡ ಹೆಸರು ಹೇಳತೊಡಗಿದೆ. ಎಕ್ಸಾಮಿನರ್ ಏನೂ ಅನ್ನಲಿಲ್ಲ. ಎಲುಬು ಇಸಿದುಕೊಂಡು, ಪಕ್ಕದ ಕಪಾಟಿನ ಬಾಗಿಲಿಗೆ ತಾಗಿಸಿ ನಿಲ್ಲಿಸಿ, "ಈಗ ಹೇಳಮ್ಮ" ಅಂದರು. ನಾನು "ಮುಂದೆ" ಅಂದಿದ್ದೆಲ್ಲ ಮೇಲಕ್ಕೆ ಹೋಗಿತ್ತು. ಅವತ್ತು ಕಲಿತಿದ್ದನ್ನೇ ಈಗ ಹೇಳಿಕೊಡುತ್ತಿದ್ದೇನೆ.

ಹೀಗೆ ಮಾಡಿ. ಅಗಲವಾದ ರೆಕ್ಕೆ ಮೇಲಿರಲಿ, ದೊಡ್ಡ ಕಿಂಡಿ ಕೆಳಗಿರಲಿ. ರೆಕ್ಕೆಯ ಮುಂದಿನ ತುದಿಯಲ್ಲಿ ಒಂದು ಮೊಂಡು ಮೊನೆ ಇದೆ. ಅದೇ ಆಂಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್, ಎಲ್ಲರ ಬಾಯಲ್ಲಿ ಎಎಸ್‌ಐಎಸ್. ಕೆಳಗೆ ಮುಂಭಾಗದಲ್ಲಿ ಒಂದು ಚಿಕ್ಕ ಗಂಟು ಇದೆ, ಪ್ಯೂಬಿಕ್ ಟ್ಯೂಬರ್ಕಲ್. ಈ ಎರಡೂ ಒಟ್ಟಿಗೆ ಗೋಡೆಗೆ ತಾಗಬೇಕು. ನಿಂತ ಮನುಷ್ಯನಲ್ಲಿ ಇವೆರಡು ಒಂದೇ ನೇರದಲ್ಲಿರುತ್ತವೆ. ಅಷ್ಟಾದರೆ ಎಲುಬು ದೇಹದಲ್ಲಿ ಇರುವ ಹಾಗೆಯೇ ನಿಂತಿದೆ ಅಂತ ಅರ್ಥ.

ಮೊದಲ ಸಲ ಮಾಡಿದಾಗ ಎಲ್ಲರೂ "ಇಷ್ಟೊಂದು ಮುಂದಕ್ಕೆ ಬಗ್ಗಿದೆಯಾ?" ಅನ್ನುತ್ತಾರೆ. ಹೌದು. ನಿಂತಾಗ ಪೆಲ್ವಿಸ್‌ನ ಮೇಲಿನ ಬಾಯಿ ನೆಲಕ್ಕೆ ಸುಮಾರು 50ರಿಂದ 60 ಡಿಗ್ರಿ ಓರೆಯಾಗಿರುತ್ತದೆ. ಅದು ನೀರು ತುಂಬಿದ ಬಿಂದಿಗೆಯಲ್ಲ, ನೀರು ಸುರಿಯಲು ಬಗ್ಗಿಸಿದ ಬಿಂದಿಗೆ.

ಸರಿ ನಿಂತಿದೆಯಾ ಅಂತ ನೋಡಲು ಎರಡು ಗುರುತು. ಒಂದು, ಹಿಂದೆ ಚೂಪಾಗಿ ಒಳಕ್ಕೆ ಚಾಚಿದ ಇಶಿಯಲ್ ಸ್ಪೈನ್ ಮತ್ತು ಮುಂದೆ ಎರಡೂ ಬದಿಯ ಎಲುಬು ಕೂಡುವ ಜಾಗ, ಅಂದರೆ ಸಿಂಫಿಸಿಸ್‌ನ ಮೇಲಂಚು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಎರಡು, ಎಲುಬಿನ ಮುಂದಿನ ಭಾಗವಾದ ಪ್ಯೂಬಿಸ್‌ನ ಒಳಮೈ ಮೇಲಕ್ಕೂ ಹಿಂದಕ್ಕೂ ನೋಡಬೇಕು. ಮೂತ್ರಕೋಶ ಅದರ ಮೇಲೆ ಒರಗಿ ಕೂತಿರುತ್ತದೆ, ಅದಕ್ಕೆ ಅದು ಹಾಸು. ಒಳಮೈ ಸೀದಾ ಹಿಂದಕ್ಕೆ ನೋಡುತ್ತಿದ್ದರೆ ನೀವು ಎಲುಬನ್ನು ಹಿಂದಕ್ಕೆ ಮಲಗಿಸಿದ್ದೀರಿ. ಎಎಸ್‌ಐಎಸ್ ಗೋಡೆ ಬಿಟ್ಟಿರುತ್ತದೆ ನೋಡಿ.

ಪರೀಕ್ಷೆಯಲ್ಲಿ ಗೋಡೆ ಸಿಗದಿದ್ದರೆ? ನಿಮ್ಮ ಎಡ ಅಂಗೈಯನ್ನು ಗೋಡೆ ಮಾಡಿ. ಅದನ್ನು ಮುಂದೆ ನೆಟ್ಟಗೆ ಹಿಡಿದು ಆ ಎರಡು ಬಿಂದುಗಳನ್ನು ತಾಗಿಸಿ.

## ಹಂತ 2: ಎಡವೋ ಬಲವೋ

ಗೋಡೆಗೆ ಮುಖ ಮಾಡಿ ನಿಂತವರು ನೀವು. ಎಲುಬಿನ ಮುಖವೂ ಗೋಡೆಗೇ ಇದೆ. ಹಾಗಾಗಿ ಅದರ ಬಲವೇ ನಿಮ್ಮ ಬಲ. ಈಗ ಬಟ್ಟಲು ಎತ್ತ ನೋಡುತ್ತಿದೆ? ಬಲಗೈ ಕಡೆ ಇದ್ದರೆ ಬಲ ಎಲುಬು, ಎಡಗೈ ಕಡೆ ಇದ್ದರೆ ಎಡ ಎಲುಬು. ಬಟ್ಟಲು, ಅಂದರೆ ಅಸೆಟಾಬುಲಮ್, ಯಾವಾಗಲೂ ಹೊರಗಡೆಗೆ. ಸರಿಯಾಗಿ ಹೇಳುವುದಾದರೆ ಹೊರಕ್ಕೆ, ಕೆಳಕ್ಕೆ, ಸ್ವಲ್ಪ ಮುಂದಕ್ಕೆ.

ಇಲ್ಲಿ ಸೋಲುವವರು ಜಾಸ್ತಿ. ಕಾರಣ ಒಂದೇ. ಎಲುಬಿನ ಮುಖವನ್ನು ತಮ್ಮ ಕಡೆ ತಿರುಗಿಸಿ ಹಿಡಿದಿರುತ್ತಾರೆ. ಆಗ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲು. ಎಲುಬು ನಿಮ್ಮ ಮುಂದೆ ಕ್ಯೂನಲ್ಲಿ ನಿಂತಿದೆ, ಬೆನ್ನು ನಿಮ್ಮ ಕಡೆ ಅಂದುಕೊಳ್ಳಿ. ತಪ್ಪುವುದಿಲ್ಲ.

ಅಡ್ಡ ಪರೀಕ್ಷೆಯೂ ಇರಲಿ. ದೊಡ್ಡ ಕೊಕ್ಕೆಯಾಕಾರದ ತೆಗ್ಗು, ಗ್ರೇಟರ್ ಸಯಾಟಿಕ್ ನಾಚ್, ಹಿಂದೆ ಇರಬೇಕು. ಬಟ್ಟಲಿನ ಅಂಚು ಒಂದು ಕಡೆ ಒಡೆದ ಗೆರಟೆಯ ಹಾಗೆ ತುಂಡಾಗಿರುತ್ತದೆ. ಆ ಬಿರುಕು ಕೆಳಕ್ಕೆ ಇರಬೇಕು. ಬಿರುಕು ಮೇಲಿದ್ದರೆ ಎಲುಬು ತಲೆಕೆಳಗಾಗಿದೆ.

## ಹಂತ 3: ಮೂರು ಬಣ್ಣ ಹಚ್ಚಿ

ಇದು ಒಂದು ಎಲುಬಲ್ಲ, ಬೆಸೆದುಕೊಂಡ ಮೂರು. ಮೇಲಿನ ರೆಕ್ಕೆ ಇಲಿಯಂ. ಹಿಂದೆ ಕೆಳಗಿನದು ಇಶಿಯಂ, ನಾವು ಕೂರುವುದು ಇದರ ಮೇಲೆ. ಮುಂದಿನದು ಪ್ಯೂಬಿಸ್. ದೊಡ್ಡವರಲ್ಲಿ ಗಡಿಗೆರೆ ಕಾಣಲ್ಲ, ಅದಕ್ಕೇ ಚಾಕ್.

ಬಟ್ಟಲಿನ ಒಳಗಿಂದ ಶುರು ಮಾಡಿ. ಮೂರೂ ಎಲುಬು ಕೂಡುವ ಜಾಗ ಅದೇ. ಬಟ್ಟಲನ್ನು ಐದು ಪಾಲು ಮಾಡಿದರೆ ಮೇಲಿನ ಸುಮಾರು ಎರಡು ಪಾಲು ಇಲಿಯಂನದು, ಹಿಂದೆ ಕೆಳಗಿನ ಎರಡು ಪಾಲು ಇಶಿಯಂನದು, ಮುಂದಿನ ಒಂದೇ ಪಾಲು ಪ್ಯೂಬಿಸ್‌ನದು. ಅಲ್ಲಿಂದ ಬಣ್ಣವನ್ನು ಹೊರಗೆ ಎಳೆಯಿರಿ. ಇಶಿಯಂ ಮತ್ತು ಪ್ಯೂಬಿಸ್ ಕಿಂಡಿಯ ಕೆಳಗೆ ಮತ್ತೊಮ್ಮೆ ಸೇರುತ್ತವೆ. ಅಲ್ಲಿ ಒಂದರ ಬಣ್ಣ ನಿಲ್ಲಿಸಿ ಇನ್ನೊಂದರದು ಹಚ್ಚಿ.

ಇದು ಸುಮ್ನೆ ಬಣ್ಣದ ಆಟ ಅಲ್ಲ. ಮಕ್ಕಳಲ್ಲಿ ಈ ಮೂರರ ನಡುವೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಮೃದ್ವಸ್ಥಿ ಇರುತ್ತದೆ. ಕಿಂಡಿಯ ಕೆಳಗಿನ ಕೂಡುಜಾಗ 7–8 ವರ್ಷಕ್ಕೆ ಬೆಸೆಯುತ್ತದೆ. ಬಟ್ಟಲಿನೊಳಗಿನದು ಮೈನೆರೆಯುವ ವಯಸ್ಸಿನಲ್ಲಿ. ಹತ್ತು ವರ್ಷದ ಹುಡುಗ ಮರದಿಂದ ಬಿದ್ದ ಅಂತ ಎಕ್ಸ್‌ರೇ ತೆಗೆದರೆ ಬಟ್ಟಲಿನ ನಡುವೆ ಕಪ್ಪು ಗೆರೆ ಕಾಣುತ್ತದೆ. ಅದನ್ನು ಮುರಿತ ಅಂತ ಓದುವುದು ಹೊಸಬರ ಮಾಮೂಲಿ ತಪ್ಪು. ಇನ್ನೊಂದು ಬದಿಯ ಬಟ್ಟಲನ್ನೂ ನೋಡಿ. ಅಲ್ಲೂ ಅದೇ ಗೆರೆ ಇರುತ್ತದೆ.

ಹಾಗಂತ ಹದಿಹರೆಯದವರ ನೋವನ್ನು ತಳ್ಳಿಹಾಕಬೇಡಿ. ಎಎಸ್‌ಐಎಸ್, ಅದರ ಕೆಳಗಿನ ಮೊನೆ, ಕೂರುವ ಗಂಟು ಇವೆಲ್ಲ ಪೂರ್ತಿ ಬೆಸೆಯಲು 20 ವರ್ಷ ದಾಟುವುದೂ ಉಂಟು. ಕಬಡ್ಡಿಯಲ್ಲಿ ಜಿಗಿದ ಹುಡುಗ "ಟಕ್ ಅಂತು" ಅಂದು ತೊಡೆಸಂದಿನ ಮೇಲೆ ಕೈ ಇಟ್ಟುಕೊಂಡು ಕುಂಟಿದರೆ, ಸ್ನಾಯು ತನ್ನ ಎಲುಬಿನ ತುಂಡನ್ನೇ ಕಿತ್ತುಕೊಂಡು ಬಂದಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದಲ್ಲ, ಎಕ್ಸ್‌ರೇ.

## ಹಂತ 4: ಅಂಚಿನ ಮೇಲೆ ಬೆರಳಿನ ಪ್ರಯಾಣ

ಕಾರವಾರದಲ್ಲಿ ಬಸ್ ಹತ್ತಿದರೆ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಯಾರನ್ನು ಎಬ್ಬಿಸಿ ಕೇಳಿದರೂ ಈ ಕ್ರಮ ತಪ್ಪಲ್ಲ. ಎಲುಬಿನ ಹೆಸರುಗಳನ್ನೂ ಹಾಗೆಯೇ ಕಲಿಯಿರಿ. ತೋರುಬೆರಳನ್ನು ಅಂಚಿನಿಂದ ಎತ್ತಬಾರದು.

ಎಎಸ್‌ಐಎಸ್‌ನಿಂದ ಹೊರಡಿ. ಇಲ್ಲಿಂದ ತೊಡೆಗೆ ಸಾರ್ಟೋರಿಯಸ್ ಸ್ನಾಯು ಇಳಿಯುತ್ತದೆ, ತೊಡೆಸಂದಿಗೆ ಅಡ್ಡ ಹಾಯುವ ಗಟ್ಟಿ ನಾರು ಇಂಗ್ವೈನಲ್ ಲಿಗಮೆಂಟ್‌ನ ಒಂದು ತುದಿಯೂ ಇಲ್ಲೇ ಕಟ್ಟಿದೆ. ಅಲ್ಲಿಂದ ಹಿಂದಕ್ಕೆ ಇಲಿಯಾಕ್ ಕ್ರೆಸ್ಟ್, ಕೈಯನ್ನು ಸೊಂಟದ ಮೇಲೆ ಇಟ್ಟು ನಿಂತಾಗ ಸಿಗುವ ಅಂಚು. ಸುಮಾರು 5 ಸೆಂ.ಮೀ. ಹೋದರೆ ಹೊರಬದಿಗೆ ಒಂದು ಉಬ್ಬು, ಅದು ಕ್ರೆಸ್ಟ್‌ನ ಟ್ಯೂಬರ್ಕಲ್. ಏರುತ್ತಾ ಹೋಗಿ ತುತ್ತತುದಿ, ನಂತರ ಇಳಿಜಾರು. ಕೊನೆಯಲ್ಲಿ ಹಿಂದಿನ ಮೊನೆ, ಪೋಸ್ಟೀರಿಯರ್ ಸುಪೀರಿಯರ್ ಇಲಿಯಾಕ್ ಸ್ಪೈನ್, ಅಂದರೆ ಪಿಎಸ್‌ಐಎಸ್. ಅದರ ಕೆಳಗೆ ಇನ್ನೊಂದು ಮೊನೆ, ಪೋಸ್ಟೀರಿಯರ್ ಇನ್ಫೀರಿಯರ್ ಇಲಿಯಾಕ್ ಸ್ಪೈನ್, ಅಂದರೆ ಪಿಐಐಎಸ್.

ಈಗ ಬೆರಳು ದೊಡ್ಡ ತೆಗ್ಗಿಗೆ ಜಾರುತ್ತದೆ, ಗ್ರೇಟರ್ ಸಯಾಟಿಕ್ ನಾಚ್. ಇಲ್ಲಿ ಸ್ವಲ್ಪ ನಿಲ್ಲಿ. ದೇಹದ ಅತಿ ದಪ್ಪ ನರ, ಸಯಾಟಿಕ್ ನರ, ಪಿರಿಫಾರ್ಮಿಸ್ ಸ್ನಾಯುವಿನ ಕೆಳಗಿನಿಂದ ಹೊರಬರುವುದು ಈ ದಾರಿಯಲ್ಲೇ. ತೆಗ್ಗಿನ ಕೆಳಗೆ ಚೂಪು ಮುಳ್ಳು, ಇಶಿಯಲ್ ಸ್ಪೈನ್. ಅದನ್ನು ದಾಟಿದರೆ ಚಿಕ್ಕ ತೆಗ್ಗು, ಲೆಸ್ಸರ್ ಸಯಾಟಿಕ್ ನಾಚ್. ಆಮೇಲೆ ಒರಟಾದ ದೊಡ್ಡ ಗಂಟು, ಇಶಿಯಲ್ ಟ್ಯೂಬರಾಸಿಟಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಹೊರಡುವುದು ಇಲ್ಲಿಂದ.

ಗಂಟಿನಿಂದ ಮುಂದಕ್ಕೆ ಮೇಲಕ್ಕೆ ಸಪೂರ ಸೇತುವೆ, ಇಶಿಯೋಪ್ಯೂಬಿಕ್ ರೇಮಸ್. ಅದು ಸಿಂಫಿಸಿಸ್‌ಗೆ ಮುಟ್ಟಿಸುತ್ತದೆ. ಮೇಲೆ ಪ್ಯೂಬಿಕ್ ಕ್ರೆಸ್ಟ್, ಅದರ ಹೊರತುದಿಗೆ ಪ್ಯೂಬಿಕ್ ಟ್ಯೂಬರ್ಕಲ್. ಅಲ್ಲಿಂದ ಹಿಂದಕ್ಕೆ ಪೆಕ್ಟಿನಿಯಲ್ ಗೆರೆ ಹಿಡಿದು, ಇಲಿಯೋಪ್ಯೂಬಿಕ್ ಉಬ್ಬು ದಾಟಿ, ಬಟ್ಟಲಿನ ಮೇಲಿರುವ ಆಂಟೀರಿಯರ್ ಇನ್ಫೀರಿಯರ್ ಇಲಿಯಾಕ್ ಸ್ಪೈನ್, ಅಂದರೆ ಎಐಐಎಸ್‌ಗೆ ಹತ್ತಿ, ಮತ್ತೆ ಎಎಸ್‌ಐಎಸ್. ರೌಂಡು ಮುಗಿಯಿತು.

ತಪ್ಪು ಆಗುವುದು ಎರಡು ಕಡೆ. ಎಐಐಎಸ್ ಅನ್ನು ಎಎಸ್‌ಐಎಸ್ ಅನ್ನುತ್ತಾರೆ. ಬಟ್ಟಲಿಗೆ ಹತ್ತಿರ ಇದ್ದರೆ ಅದು ಎಐಐಎಸ್, ರೆಕ್ಟಸ್ ಫೆಮೊರಿಸ್‌ನ ನೇರ ತಲೆ ಹುಟ್ಟುವ ಜಾಗ. ಎರಡನೆಯದು, ಸ್ಪೈನ್‌ಗೂ ಟ್ಯೂಬರಾಸಿಟಿಗೂ ಅದಲುಬದಲು. ಚುಚ್ಚುವುದು ಸ್ಪೈನ್, ಕೂರುವುದು ಟ್ಯೂಬರಾಸಿಟಿ.

## ಹಂತ 5: ಮೈ, ಬಟ್ಟಲು, ಕಿಂಡಿ

ಹೊರಮೈಯಲ್ಲಿ ಮೂರು ಗ್ಲೂಟಿಯಲ್ ಗೆರೆ (ಕುಂಡೆಯ ಸ್ನಾಯುಗಳ ಗಡಿಗೆರೆ) ಇವೆ ಅಂತ ಪುಸ್ತಕ ಹೇಳುತ್ತದೆ. ನೇರ ಬೆಳಕಲ್ಲಿ ನೋಡಿದರೆ ಒಂದೂ ಕಾಣಲ್ಲ. ಕೋಣೆಯ ಲೈಟ್ ಆರಿಸಿ, ಟಾರ್ಚನ್ನು ಎಲುಬಿಗೆ ಸವರಿದ ಹಾಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ನೆರಳು ಚೆಲ್ಲುತ್ತವೆ. ಹಿಂದಿನ ಗೆರೆಯ ಹಿಂದೆ ಗ್ಲೂಟಿಯಸ್ ಮ್ಯಾಕ್ಸಿಮಸ್, ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ಮೀಡಿಯಸ್, ಮುಂದಿನದಕ್ಕೂ ಕೆಳಗಿನದಕ್ಕೂ ನಡುವೆ ಮಿನಿಮಸ್.

ಮೀಡಿಯಸ್ ಮತ್ತು ಮಿನಿಮಸ್ ಕೆಲಸ ಗೊತ್ತಾಗಬೇಕಾದರೆ ಒಂಟಿ ಕಾಲಲ್ಲಿ ನಿಲ್ಲಿ. ಎತ್ತಿದ ಕಾಲಿನ ಕಡೆಗೆ ಪೆಲ್ವಿಸ್ ಬೀಳದಂತೆ ನಿಂತ ಕಾಲಿನ ಬದಿಯ ಸ್ನಾಯು ಹಿಡಿದಿರುತ್ತದೆ. ಬಿದ್ದರೆ ಟ್ರೆಂಡಲೆನ್‌ಬರ್ಗ್ ಪಾಸಿಟಿವ್. ದೋಷ ಬಿದ್ದ ಬದಿಯಲ್ಲಲ್ಲ, ನಿಂತ ಬದಿಯಲ್ಲಿ. ವೈವಾದಲ್ಲಿ ಬೇಕಂತಲೇ ಕೇಳುವ ಪ್ರಶ್ನೆ ಇದು.

ಒಳಮೈ ಮುಂಭಾಗ ನುಣುಪು, ಇಲಿಯಾಕಸ್ ಸ್ನಾಯುವಿನ ಹಾಸಿಗೆ. ಹಿಂಭಾಗದಲ್ಲಿ ಕಿವಿಯ ಆಕಾರದ ಒರಟು ಜಾಗ ಸೇಕ್ರಂಗೆ ಅಂಟುವುದು. ಬಟ್ಟಲಿನೊಳಗೆ ಕುದುರೆ ಲಾಳದಂತಹ ನುಣುಪು ಪಟ್ಟಿ ಮಾತ್ರ ತೊಡೆ ಎಲುಬಿನ ತಲೆಗೆ ತಾಗುತ್ತದೆ, ನಡುವಿನ ತಗ್ಗು ತಾಗಲ್ಲ. ದೊಡ್ಡ ಕಿಂಡಿ ಆಬ್ಟ್ಯುರೇಟರ್ ಫೊರಾಮೆನ್. ಜೀವಂತ ದೇಹದಲ್ಲಿ ಅದು ಪೊರೆಯಿಂದ ಮುಚ್ಚಿರುತ್ತದೆ, ಮೇಲೊಂದು ಸಂದು ಮಾತ್ರ ಬಿಟ್ಟು. ಆ ಸಂದಿನಲ್ಲಿ ಹಾಯುವ ಆಬ್ಟ್ಯುರೇಟರ್ ನರ ಬಟ್ಟಲಿನ ಕೀಲಿಗೂ ಮೊಣಕಾಲಿಗೂ ಎಳೆ ಕೊಡುತ್ತದೆ. ಅದಕ್ಕೇ ಕೀಲಿನಲ್ಲಿ ತೊಂದರೆ ಇದ್ದ ಮಗು ಮೊಣಕಾಲು ತೋರಿಸಿ ಅಳುವುದು. ಮೊಣಕಾಲಲ್ಲಿ ಏನೂ ಸಿಗದಿದ್ದರೆ ಮೇಲಿನ ಕೀಲು ಅಲ್ಲಾಡಿಸಿ ನೋಡದೆ ಮನೆಗೆ ಕಳಿಸಬಾರದು.

ಗಂಡಿನದೋ ಹೆಣ್ಣಿನದೋ ಅಂತ ಕೇಳಿದರೆ ಹೆಬ್ಬೆರಳನ್ನು ದೊಡ್ಡ ತೆಗ್ಗಿಗೆ ಇಡಿ. ಬಿಗಿಯಾಗಿ ಕೂತರೆ ಗಂಡು, ಆಚೀಚೆ ಆಡಿದರೆ ಹೆಣ್ಣು. ಜೊತೆಗೆ ಬಟ್ಟಲಿನ ಅಡ್ಡಳತೆಯನ್ನು, ಅದರ ಮುಂದಿನ ಅಂಚಿನಿಂದ ಸಿಂಫಿಸಿಸ್‌ವರೆಗಿನ ದೂರಕ್ಕೆ ಹೋಲಿಸಿ. ಎರಡೂ ಸರಿಸಮ ಇದ್ದರೆ ಗಂಡು, ದೂರವೇ ಹೆಚ್ಚಿದ್ದರೆ ಹೆಣ್ಣು. ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಎಲುಬುಗಳು ಪುಸ್ತಕ ಓದಿ ಬೆಳೆದಿರಲ್ಲ.

ಇಷ್ಟಾದ ಮೇಲೆ ಚೀಲದ ಪರೀಕ್ಷೆ. ಎಲುಬನ್ನು ಬಟ್ಟೆ ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ, ಒಳಗೆ ಕೈ ಬಿಟ್ಟು ಎಡಬಲ ಹೇಳಿ. ಮೂರು ಸಲದಲ್ಲಿ ಮೂರೂ ಸರಿಯಾದರೆ ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಮತ್ತೆ ಗೋಡೆ.

## ಹಂತ 6: ಚರ್ಮದ ಮೇಲಿಂದ ಹುಡುಕುವುದು

ಮೊದಲು ಹೇಳಿ, ಒಪ್ಪಿಗೆ ಕೇಳಿ, ಬೆರಳು ಬೆಚ್ಚಗಿರಲಿ. ಎಎಸ್‌ಐಎಸ್ ಹುಡುಕಲು ಮೇಲಿಂದ ಚುಚ್ಚಬೇಡಿ. ತೊಡೆಸಂದಿನ ಮಡಿಕೆಯ ಹೊರತುದಿಯಿಂದ ಹೆಬ್ಬೆರಳನ್ನು ಮೇಲಕ್ಕೆ ಜಾರಿಸಿ. ಮೊದಲು ತಡೆಯುವ ಎಲುಬೇ ಅದು. ಮೇಲಿಂದ ಒತ್ತಿದರೆ ಚರ್ಮ ಸರಿದು ಬೆರಳು ಕ್ರೆಸ್ಟ್ ಮೇಲೆ ನಿಲ್ಲುತ್ತದೆ.

ಪಿಎಸ್‌ಐಎಸ್ ಇರುವಲ್ಲಿ ತುಂಬಾ ಜನರಿಗೆ ಬೆನ್ನ ಕೆಳಗೆ ಎರಡು ಗುಳಿ ಕಾಣುತ್ತವೆ. ಅದು ಸೇಕ್ರಂನ ಎರಡನೇ ಕಶೇರಿನ (ಬೆನ್ನುಮೂಳೆಯ ಮಣಿಯ) ಮಟ್ಟ. ಮಜ್ಜೆ ತೆಗೆಯುವ ಸೂಜಿ ಸಾಮಾನ್ಯವಾಗಿ ಹೋಗುವುದು ಈ ಮೊನೆಯೊಳಗೆ.

ಕೂರುವ ಗಂಟನ್ನು ನಿಂತವರಲ್ಲಿ ಹುಡುಕುತ್ತಾ ಬೆವರಬೇಡಿ. ಆಗ ಮ್ಯಾಕ್ಸಿಮಸ್ ಸ್ನಾಯು ಅದನ್ನು ಮುಚ್ಚಿರುತ್ತದೆ. ಕೂತಾಗ ಸ್ನಾಯು ಮೇಲಕ್ಕೆ ಸರಿದು ಗಂಟು ಬರಿದಾಗುತ್ತದೆ. ನಿಮ್ಮ ಅಂಗೈಯನ್ನೇ ಅಡಿಗೆ ಇಟ್ಟು ಬೆಂಚಿನ ಮೇಲೆ ಕೂತು ನೋಡಿ. ದೋಣಿಯ ಗಟ್ಟಿ ಹಲಗೆ ಮೇಲೆ ಗಂಟೆಗಟ್ಟಲೆ ಕೂರುವವರು ಇದೇ ಜಾಗ ಮುಟ್ಟಿ ನೋವು ಅನ್ನುತ್ತಾರೆ. ಗಂಟಿನ ಮೇಲಿನ ಬರ್ಸಾ, ಅಂದರೆ ದ್ರವದ ಚಿಕ್ಕ ಚೀಲ, ಬಾತಿರುತ್ತದೆ. ಗಾಲಿಕುರ್ಚಿಯಲ್ಲಿರುವ, ಸ್ಪರ್ಶ ಗೊತ್ತಾಗದ ರೋಗಿಗೆ ಇಲ್ಲೇ ಹುಣ್ಣಾಗುತ್ತದೆ. ದಿನಾ ನೋಡಬೇಕಾದ ಜಾಗ. ಒತ್ತಿದರೂ ಮಾಸದ ಕೆಂಪು ಕಂಡರೆ ಅದೇ ಮೊದಲ ಎಚ್ಚರಿಕೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು, ಆಗ ಬಿಸಿ ಮತ್ತು ಗಟ್ಟಿತನ ಮುಟ್ಟಿ ತಿಳಿಯಬೇಕು.

## ಹಂತ 7: ವಾರ್ಡ್‌ನಲ್ಲಿ ಇದೇ ಎಲುಬು

ಕುಂಡೆಗೆ ಇಂಜೆಕ್ಷನ್. ಮೇಲಿನ ಹೊರಗಿನ ಕಾಲು ಭಾಗ ಅಂತ ಎಲ್ಲರಿಗೂ ಗೊತ್ತು. ಆದರೂ ತಪ್ಪುತ್ತದೆ. ಯಾಕೆ? ಬಟ್ಟೆ ನಾಲ್ಕು ಬೆರಳು ಕೆಳಗಿಳಿಸಿ, ಕಂಡಷ್ಟನ್ನೇ ನಾಲ್ಕು ಪಾಲು ಮಾಡುತ್ತಾರೆ. ಲೆಕ್ಕ ಹಾಕಬೇಕಾದ್ದು ಪೂರ್ತಿ ಭಾಗವನ್ನು. ಮೇಲೆ ಇಲಿಯಾಕ್ ಕ್ರೆಸ್ಟ್, ಕೆಳಗೆ ಕುಂಡೆಯ ಮಡಿಕೆ. ಕ್ರೆಸ್ಟ್ ಮೇಲೆ ಬೆರಳು ಇಡದೆ ಜಾಗ ನಿರ್ಧರಿಸಬೇಡಿ.

ಇದಕ್ಕಿಂತ ಸುರಕ್ಷಿತ ಜಾಗ ಪಕ್ಕದಲ್ಲಿದೆ, ವೆಂಟ್ರೊಗ್ಲೂಟಿಯಲ್. ರೋಗಿಯ ಎಡ ಬದಿಗೆ ನಿಮ್ಮ ಬಲಗೈ. ಅಂಗೈ ಬುಡವನ್ನು ತೊಡೆ ಎಲುಬಿನ ಪಕ್ಕದ ಉಬ್ಬಿನ, ಅಂದರೆ ಗ್ರೇಟರ್ ಟ್ರೋಕ್ಯಾಂಟರ್‌ನ ಮೇಲೆ ಇಡಿ. ಹೆಬ್ಬೆರಳು ತೊಡೆಸಂದಿನ ಕಡೆ. ತೋರುಬೆರಳು ಎಎಸ್‌ಐಎಸ್ ಮೇಲೆ. ನಡುಬೆರಳನ್ನು ಕ್ರೆಸ್ಟ್ ಕಡೆಗೆ ಅಗಲಿಸಿ. ಎರಡು ಬೆರಳ ಕವಲಿನ ನಡುವೆ ಸೂಜಿ. ಕೈ ತಪ್ಪಾದರೆ, ಅಂದರೆ ಎಡಕ್ಕೆ ಎಡಗೈ ಇಟ್ಟರೆ, ಹೆಬ್ಬೆರಳು ಹಿಂದಕ್ಕೆ ಹೋಗಿಬಿಡುತ್ತದೆ. ಅದೇ ಗುರುತು, ತೆಗೆದು ಕೈ ಬದಲಿಸಿ. ಹಾಲುಗೂಸುಗಳಿಗೆ ಕುಂಡೆ ಬೇಡ, ತೊಡೆಯ ಹೊರಬದಿ.

ಚುಚ್ಚಿದ ಕೂಡಲೇ ರೋಗಿ ಕಾಲಿನ ತನಕ ಕರೆಂಟ್ ಹೊಡೆದ ಹಾಗಾಯಿತು ಅಂದರೆ ಔಷಧ ತಳ್ಳಬೇಡಿ. ಸೂಜಿ ಹೊರಗೆ ತೆಗೆಯಿರಿ. ಪಾದ ಮೇಲೆತ್ತಲು ಆಗುತ್ತದೆಯೇ ನೋಡಿ, ಡಾಕ್ಟರಿಗೆ ತಿಳಿಸಿ, ಬರೆದಿಡಿ.

ಬೆನ್ನಿನ ಸೂಜಿ. ಎರಡೂ ಕ್ರೆಸ್ಟ್‌ಗಳ ತುತ್ತತುದಿ ಸೇರಿಸುವ ಗೆರೆ ನಾಲ್ಕನೇ ಲಂಬಾರ್ (ಬೆನ್ನಿನ ಕೆಳಭಾಗದ) ಕಶೇರಿನ ಮುಳ್ಳನ್ನು ಅಥವಾ ಅದರ ಕೆಳಗಿನ ಸಂದನ್ನು ದಾಟುತ್ತದೆ. ದೊಡ್ಡವರಲ್ಲಿ ಮಿದುಳುಬಳ್ಳಿ ಮುಗಿಯುವುದು ಸುಮಾರು ಮೊದಲ ಲಂಬಾರ್‌ನ ಕೆಳಗೆ. ಹಾಗಾಗಿ ಈ ಮಟ್ಟದಲ್ಲಿ ಸೂಜಿ ಹಾಕಬಹುದು. ದಪ್ಪ ಇದ್ದವರಲ್ಲಿ, ಬಸುರಿಯರಲ್ಲಿ ಬೆರಳು ಕೊಬ್ಬಿನ ಮೇಲೇ ನಿಂತು, ಗೆರೆ ಅಂದುಕೊಂಡಿದ್ದಕ್ಕಿಂತ ಮೇಲೆ ಬೀಳುತ್ತದೆ. ಸೂಜಿ ಹಾಕುವುದು ಡಾಕ್ಟರ ಕೆಲಸ. ರೋಗಿಯನ್ನು ಮಗ್ಗುಲಾಗಿಸುವಾಗ ಎರಡೂ ಕ್ರೆಸ್ಟ್ ಒಂದರ ಮೇಲೊಂದು ನೆಟ್ಟಗೆ ಇರುವ ಹಾಗೆ ಹಿಡಿಯುವುದು ನಿಮ್ಮದು.

ಕಾಲಿನ ಉದ್ದ. ಎಎಸ್‌ಐಎಸ್‌ನಿಂದ ಕಾಲಿನ ಒಳಗಿನ ಗಣ್ಣಿನವರೆಗೆ, ಅಂದರೆ ಪಾದದ ಒಳಬದಿಯ ಉಬ್ಬಿನವರೆಗೆ. ಟೇಪು ಹಿಡಿಯುವ ಮೊದಲು ಎರಡೂ ಎಎಸ್‌ಐಎಸ್ ಒಂದೇ ಅಡ್ಡಗೆರೆಯಲ್ಲಿ ಇರಬೇಕು. ಒಂದು ಕಾಲು ಓರೆ ಇದ್ದರೆ ಇನ್ನೊಂದನ್ನೂ ಅಷ್ಟೇ ಓರೆ ಇಡಿ. ಟೇಪಿನ ತುದಿ ಮೊನೆಯ ಕೆಳಗಂಚಿಗೆ ಕೊಕ್ಕೆ ಹಾಕಿದಂತಿರಲಿ. ಮೇಲೆ ಇಟ್ಟರೆ ಚರ್ಮದ ಜೊತೆ ಜಾರುತ್ತದೆ.

ತೊಡೆಸಂದಿನ ಗಡ್ಡೆ. ಪ್ಯೂಬಿಕ್ ಟ್ಯೂಬರ್ಕಲ್‌ನ ಮೇಲೆ ಒಳಬದಿಗೆ ಇದ್ದರೆ ಇಂಗ್ವೈನಲ್ ಹರ್ನಿಯಾ, ಕೆಳಗೆ ಹೊರಬದಿಗೆ ಇದ್ದರೆ ಫೆಮೊರಲ್. ಗಡ್ಡೆ ಗಟ್ಟಿಯಾಗಿ, ಒಳಗೆ ಹೋಗದೆ, ವಾಂತಿ ಶುರುವಾಗಿದ್ದರೆ ಯಾವ ಹರ್ನಿಯಾ ಅಂತ ಚರ್ಚೆ ಮಾಡುತ್ತಾ ಕೂರಬೇಡಿ. ತುರ್ತು.

ಹೆರಿಗೆ ಕೋಣೆ. ಮಗುವಿನ ತಲೆ ಎಷ್ಟು ಇಳಿದಿದೆ ಅನ್ನಲು ಇಶಿಯಲ್ ಸ್ಪೈನ್‌ಗಳೇ ಸೊನ್ನೆ ಗುರುತು. ಜನನಾಂಗದ ಸುತ್ತ ಸ್ಪರ್ಶ ಕೊಡುವ ಪ್ಯೂಡೆಂಡಲ್ ನರಕ್ಕೆ ಅರಿವಳಿಕೆ ಕೊಡುವಾಗ ಬೆರಳು ಹುಡುಕುವುದೂ ಅದನ್ನೇ.

ಬಿಗಿ ಬೆಲ್ಟ್, ಬಿಗಿ ಜೀನ್ಸ್ ಹಾಕುವವರಲ್ಲಿ ತೊಡೆಯ ಹೊರಬದಿ ಉರಿ, ಜೋಮು ಕಂಡರೆ ಎಎಸ್‌ಐಎಸ್ ಪಕ್ಕದಲ್ಲಿ ಒಂದು ಚರ್ಮದ ನರ ಒತ್ತಿರುವುದು ಸಾಮಾನ್ಯ. ಅದು ಸ್ಪರ್ಶದ ನರ ಮಾತ್ರ. ಕಾಲಿನ ಶಕ್ತಿ ಕಡಿಮೆಯಾಗಿದ್ದರೆ ಕಾರಣ ಬೇರೆ, ಬೆಲ್ಟ್ ಸಡಿಲಿಸಿ ಸುಮ್ಮನಾಗಬೇಡಿ.

## ಹಂತ 8: ಬಿದ್ದವರನ್ನು ಎತ್ತುವ ಮೊದಲು

ಶಿರಸಿ ಕಡೆ ಅಡಕೆ ಗೊನೆ ಕೊಯ್ಲಿನ ಹೊತ್ತಿಗೆ ಮರದಿಂದ ಬಿದ್ದ ಕೊನೆಗೌಡ (ಗೊನೆ ಇಳಿಸುವವ), ಕರಾವಳಿಯಲ್ಲಿ ಹೆದ್ದಾರಿ 66ರ ಅಪಘಾತ. ದಾರಿ ಬೇರೆ, ಎಲುಬು ಒಂದೇ. ಪೆಲ್ವಿಸ್ ಬಳೆಯ ಹಾಗೆ. ಬಳೆ ಸಾಮಾನ್ಯವಾಗಿ ಒಂದೇ ಕಡೆ ಒಡೆಯುವುದಿಲ್ಲ. ಒಂದು ಕಡೆ ಮುರಿತ ಕಂಡರೆ ಎರಡನೆಯದನ್ನು ಹುಡುಕಬೇಕು. ಎಲುಬಿನ ಒಳಮೈಗೆ ರಕ್ತನಾಳಗಳು ಅಂಟಿಕೊಂಡೇ ಇವೆ. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಒಳಗೆ ಲೀಟರುಗಟ್ಟಲೆ ಸೋರಬಹುದು.

ಮೊದಲು ಕಾಲು ನೋಡಿ. ಮುಟ್ಟದೆಯೇ ತುಂಬಾ ತಿಳಿಯುತ್ತದೆ. ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆ ಎಲುಬಿನ ಕುತ್ತಿಗೆ ಮುರಿತದ ಸಂಶಯ. ಕಾರಿನ ಮುಂದಿನ ಸೀಟಿನಲ್ಲಿದ್ದವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು, ಕಾಲು ಮಡಚಿ ಒಳಕ್ಕೆ ತಿರುಗಿದ್ದರೆ ತಲೆ ಬಟ್ಟಲಿನಿಂದ ಹಿಂದಕ್ಕೆ ಜಾರಿದೆ. ಬಟ್ಟಲಿನ ಹಿಂಗೋಡೆ ಒಡೆದಿರಬಹುದು, ಸಯಾಟಿಕ್ ನರ ಅಲ್ಲೇ ಹಿಂದಿದೆ. ನೆಟ್ಟಗೆ ಮಾಡಲು ಎಳೆಯಬೇಡಿ. ಇದ್ದ ಹಾಗೇ ದಿಂಬು ಕೊಟ್ಟು ಸಾಗಿಸಿ.

ಪೆಲ್ವಿಸ್ ಮುರಿದ ಎಚ್ಚರಿಕೆಗಳು: ತೊಡೆಸಂದು, ವೃಷಣ ಅಥವಾ ಯೋನಿಯ ಸುತ್ತ ಕಪ್ಪಿಡುವುದು, ಮೂತ್ರದ್ವಾರದಲ್ಲಿ ರಕ್ತ, ಮೂತ್ರ ಬರದಿರುವುದು, ಕಾಲು ಮುರಿಯದೆಯೂ ಉದ್ದದಲ್ಲಿ ವ್ಯತ್ಯಾಸ, ಬಿಳಿಚಿದ ಮುಖ, ಓಡುವ ನಾಡಿ. ಮೂತ್ರದ್ವಾರದಲ್ಲಿ ರಕ್ತ ಇದ್ದರೆ ಕ್ಯಾಥೆಟರ್ (ಮೂತ್ರದ ನಳಿಕೆ) ತಳ್ಳಬೇಡಿ.

ಈಗ ನಾನು ಕಂಡ ಅತಿ ಕೆಟ್ಟ ಅಭ್ಯಾಸ. ಎರಡೂ ಕ್ರೆಸ್ಟ್ ಹಿಡಿದು "ಅಲ್ಲಾಡುತ್ತಾ" ಅಂತ ಒತ್ತಿ, ಅಗಲಿಸಿ ನೋಡುವುದು. ಒಬ್ಬರು ನೋಡಿದ ಮೇಲೆ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು. ಪ್ರತಿ ಸಲ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಕಿತ್ತುಬರುತ್ತದೆ. ಸಂಶಯ ಬಂದರೆ ಸಾಕು, ಕಟ್ಟಿಬಿಡಿ.

ಕಟ್ಟುವ ಕ್ರಮ ಹೀಗೆ. 108ಕ್ಕೆ ಫೋನ್ ಮಾಡಿಸಿ. ಬೆಡ್‌ಶೀಟನ್ನು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಗಲಕ್ಕೆ ಮಡಚಿ. ಮೊಣಕಾಲಿನ ಅಡಿಯ ಖಾಲಿ ಜಾಗದಿಂದ ತೂರಿಸಿ ಮೆಲ್ಲಗೆ ಮೇಲಕ್ಕೆ ತನ್ನಿ, ರೋಗಿಯನ್ನು ಉರುಳಿಸಬೇಡಿ. ಪಟ್ಟಿಯ ನಡು ಬರಬೇಕಾದ್ದು ಎರಡೂ ಟ್ರೋಕ್ಯಾಂಟರ್‌ಗಳ ಮಟ್ಟಕ್ಕೆ, ಅಂದರೆ ತೊಡೆಯ ಪಕ್ಕದ ಉಬ್ಬುಗಳ ಮೇಲೆ. ಇಲ್ಲಿಯೇ ಹತ್ತರಲ್ಲಿ ಎಂಟು ಮಕ್ಕಳು ತಪ್ಪುತ್ತಾರೆ. ಸೊಂಟದ ಪಟ್ಟಿ ಅಂದುಕೊಂಡು ಸೊಂಟಕ್ಕೇ, ಕ್ರೆಸ್ಟ್ ಮೇಲೆ ಕಟ್ಟುತ್ತಾರೆ. ಹಾಗೆ ಕಟ್ಟಿದರೆ ಬಳೆ ಮುಚ್ಚಿಕೊಳ್ಳುವುದಿಲ್ಲ. ಲುಂಗಿ ಕಟ್ಟುವ ಜಾಗಕ್ಕಿಂತ ಒಂದು ಗೇಣು ಕೆಳಗೆ ಅಂತ ನೆನಪಿಟ್ಟುಕೊಳ್ಳಿ. ಆಚೀಚೆ ಇಬ್ಬರು ಒಂದೇ ಸಮ ಎಳೆದು ಬಿಗಿ ಮಾಡಿ ಗಂಟು ಹಾಕಿ. ಮೊಣಕಾಲುಗಳ ನಡುವೆ ಟವೆಲ್ ಇಟ್ಟು ಎರಡೂ ಕಾಲು ಸೇರಿಸಿ ಕಟ್ಟಿ. ಜೇಬಿನ ಮೊಬೈಲ್, ಕೀ ಮೊದಲೇ ತೆಗೆದಿರಲಿ. ಕುಡಿಯಲು ನೀರು, ಚಾ ಕೊಡಬೇಡಿ, ಆಪರೇಷನ್ ಬೇಕಾಗಬಹುದು.

ನಮ್ಮ ಜಿಲ್ಲೆಯಿಂದ ಇಂಥ ರೋಗಿ ಎಷ್ಟೋ ಸಲ ಹುಬ್ಬಳ್ಳಿಗೋ, ಗೋವಾಕ್ಕೋ, ಮಣಿಪಾಲಕ್ಕೋ ಹೋಗಬೇಕಾಗುತ್ತದೆ. ಘಟ್ಟದ ತಿರುವುಗಳಲ್ಲಿ ಪಟ್ಟಿ ಮೇಲಕ್ಕೆ ಸರಿಯುತ್ತದೆ. ಹಾಗಾಗಿ ಜೊತೆಗೆ ಹೋಗುವವರು ಅರ್ಧ ಗಂಟೆಗೊಮ್ಮೆ ಅದು ಉಬ್ಬುಗಳ ಮೇಲೇ ಇದೆಯಾ ಮುಟ್ಟಿ ನೋಡಲಿ, ಪಾದ ಬೆಚ್ಚಗಿದೆಯಾ, ಬೆರಳು ಆಡಿಸುತ್ತಾರಾ ಕೇಳಲಿ. ಕಟ್ಟಿದ ಸಮಯವನ್ನು ಚೀಟಿಯಲ್ಲಿ ಬರೆದು ಅಂಗಿಗೆ ಪಿನ್ ಮಾಡಿ. ತಲುಪಿದ ಮೇಲೆ ಚೀಟಿ ತೋರಿಸಿ. ಪಟ್ಟಿ ಬಿಚ್ಚುವುದು ಅಲ್ಲಿನ ಡಾಕ್ಟರು ಹೇಳಿದ ಮೇಲೆಯೇ.